ಕತ್ತರಿ, ಕಾಗದ ಮತ್ತು ‘ತೆ’ ರೂಪ

ಜಪಾನಿ ಕಲಿಯಲು ಬರುವವರು ಅಕ್ಷರಗಳಿಗೆ ಹೆದರಿಕೊಂಡೇ ಬರುತ್ತಾರೆ. ಆದರೆ ನಾನು ಕಂಡಂತೆ ಜಾಸ್ತಿ ಜನ ಕೈಚೆಲ್ಲುವುದು ಅಕ್ಷರಗಳ ಹತ್ತಿರ ಅಲ್ಲ, ಕ್ರಿಯಾಪದದ ‘ತೆ’ ರೂಪದ ಹತ್ತಿರ, ಅಂದರೆ ನಮ್ಮ ‘ಮಡಚಿ’, ‘ಅಂಟಿಸಿ’ ಇದ್ದಂಥ ರೂಪ. ಒರು (ಮಡಚು) ಅನ್ನುವುದು ಒತ್ತೆ ಆಗುತ್ತದೆ, ಹರು (ಅಂಟಿಸು) ಹತ್ತೆ ಆಗುತ್ತದೆ, ಹಿರಕು (ಬಿಡಿಸು) ಹಿರೈತೆ ಆಗುತ್ತದೆ. ಪಟ್ಟಿ ಮಾಡಿ ಉರು ಹೊಡೆದರೆ ಬಂದಷ್ಟೇ ಬೇಗ ಹೋಗುತ್ತದೆ. ಅದಕ್ಕೇ ಈ ಪಾಠವನ್ನು ನಾನು ತನಬತ ಹಬ್ಬದ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಪುಸ್ತಕ ಮುಚ್ಚಿಸಿ, ಕೈಗೆ ಕತ್ತರಿ ಕೊಡುತ್ತೇನೆ.

ತನಬತ ಜುಲೈ 7ರ ಹಬ್ಬ. ನೇಯುವ ಹುಡುಗಿ ಒರಿಹಿಮೆ, ದನ ಕಾಯುವ ಹಿಕೊಬೊಶಿ, ಇಬ್ಬರೂ ಆಕಾಶಗಂಗೆಯ ಆಚೆ ಈಚೆ ಇರುವ ನಕ್ಷತ್ರಗಳು. ವರ್ಷಕ್ಕೆ ಒಂದೇ ರಾತ್ರಿ ಭೇಟಿ. ಚೀನಾದಿಂದ ಬಂದ ಕಥೆ ಇದು. ಮೊದಲು ಅರಮನೆಯವರು ನೇಯ್ಗೆ, ಹೊಲಿಗೆ ಚೆನ್ನಾಗಿ ಬರಲಿ ಅಂತ ಬೇಡಿಕೊಳ್ಳುತ್ತಿದ್ದರು. ಎದೊ ಕಾಲಕ್ಕೆ (17ರಿಂದ 19ನೇ ಶತಮಾನ) ಬಂದರೆ ಮಕ್ಕಳು ತಮ್ಮ ಕೈಬರಹ ಸುಧಾರಿಸಲಿ ಅಂತ ಕಾಗದದ ಪಟ್ಟಿ ಬರೆದು ಬಿದಿರಿಗೆ ಕಟ್ಟತೊಡಗಿದರು. ಆ ಪಟ್ಟಿಯೇ ತಂಝಕು. ಅಂದರೆ ಮೊದಲಿನಿಂದಲೂ ಇದು ಕಲಿಯುವವರ ಹಬ್ಬ. ಸೆಂದೈ ಊರಿನಲ್ಲಿ ಇದನ್ನು ಆಗಸ್ಟ್ 6ರಿಂದ 8ರವರೆಗೆ ಮಾಡುತ್ತಾರೆ. ಅಲ್ಲಿ ತಂಝಕು ಸೇರಿ ಏಳು ಬಗೆಯ ಕಾಗದದ ಅಲಂಕಾರ ಇರಲೇಬೇಕು. ಕೊಕ್ಕರೆಯೂ ಅದರಲ್ಲಿದೆ. ಆದರೆ ಹೊಸಬರಿಗೆ ಕೊಕ್ಕರೆ ಬೇಡ. ಮಡಿಕೆಗಳ ಲೆಕ್ಕದಲ್ಲೇ ತಲೆ ಕೆಟ್ಟು ಭಾಷೆ ಮರೆತುಹೋಗುತ್ತದೆ.

ನಾನು ಆರಿಸಿಕೊಳ್ಳುವುದು ತೊಅಮಿ, ಅಂದರೆ ಮೀನುಬಲೆ. ಹೇರಳವಾಗಿ ಮೀನು ಸಿಗಲಿ ಅನ್ನುವ ಹಾರೈಕೆಯ ಬಲೆ. 15 ಸೆಂಟಿಮೀಟರ್ ಚೌಕದ ತೆಳು ಕಾಗದ ಸಾಕು. ಅರ್ಧಕ್ಕೆ ಮಡಚಿ, ಅದೇ ದಿಕ್ಕಿಗೆ ಇನ್ನೊಮ್ಮೆ ಮಡಚಿದರೆ ಉದ್ದ ಪಟ್ಟಿಯಾಗುತ್ತದೆ. ಈಗ ಮಿಗಿ ಕರ ಕಿತ್ತೆ, ಬಲದಿಂದ ಕತ್ತರಿಸಿ. ಹಿದರಿ ಕರ ಕಿತ್ತೆ, ಎಡದಿಂದ ಕತ್ತರಿಸಿ. ಹೀಗೆ ಒಂದು ಬಿಟ್ಟು ಒಂದು. ಆದರೆ ಯಾವ ಸೀಳೂ ಆಚೆ ಅಂಚು ಮುಟ್ಟಬಾರದು, ಒಂದು ಸೆಂಟಿಮೀಟರ್ ಉಳಿಯಬೇಕು. ಸೈಗೊ ಮದೆ ಕಿರನೈದೆ ಕುದಸಾಯ್, ಕೊನೆಯವರೆಗೂ ಕತ್ತರಿಸಬೇಡಿ. ಈ ಮಾತನ್ನು ಕೇಳಿಸಿಕೊಳ್ಳದವರ ಬಲೆ ಎರಡು ತುಂಡಾಗಿ ಕೈಗೆ ಬರುತ್ತದೆ. ‘ನೈದೆ’ ಅಂದರೆ ಬೇಡ ಅನ್ನುವುದು ಮತ್ತೆ ಯಾರಿಗೂ ಮರೆಯುವುದಿಲ್ಲ! ಕೊನೆಗೆ ಯುಕ್ಕುರಿ ಹಿರೈತೆ, ನಿಧಾನಕ್ಕೆ ಬಿಡಿಸಿ ಎಳೆದರೆ ಬಲೆ ಇಳಿಬೀಳುತ್ತದೆ.

ಕನ್ನಡಿಗರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ‘ಕಮಿ ಒ ಒತ್ತೆ, ಹಸಮಿ ದೆ ಕಿತ್ತೆ, ನೊರಿ ದೆ ಹತ್ತೆ ಕುದಸಾಯ್.’ ಕಾಗದವನ್ನು ಮಡಚಿ, ಕತ್ತರಿಯಿಂದ ಕತ್ತರಿಸಿ, ಅಂಟಿನಿಂದ ಅಂಟಿಸಿ. ಪದಗಳ ಜಾಗ ಕೂಡ ಬದಲಾಗಿಲ್ಲ ನೋಡಿ. ಎಷ್ಟು ಕೆಲಸ ಬೇಕಾದರೂ ಹೀಗೇ ಪೋಣಿಸಬಹುದು. ಇಂಗ್ಲಿಷ್ ಮೂಲಕ ಕಲಿತವರು ವಾಕ್ಯವನ್ನು ತಲೆಕೆಳಗು ಮಾಡಿಕೊಂಡು ಒದ್ದಾಡುವುದನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಒಂದು ಎಚ್ಚರ ಮಾತ್ರ ಬೇಕು. ನಮ್ಮ ‘ಮಡಚಿ’ ಒಂದೇ ಆಗಿ ನಿಂತರೂ ಮರ್ಯಾದೆಯ ಮಾತು. ಜಪಾನಿಯ ಬರೀ ‘ಒತ್ತೆ’ ಗೆಳೆಯರ ನಡುವೆ ಸರಿ, ಹೊರಗಿನವರಿಗೆ ‘ಕುದಸಾಯ್’ ಸೇರಿಸಲೇಬೇಕು.

ಶುರುವಿನಲ್ಲಿ ಉಚ್ಚಾರಣೆಯನ್ನು ಕನ್ನಡದಲ್ಲೇ ಬರೆದುಕೊಳ್ಳಿ ಅನ್ನುತ್ತೇನೆ. ಕೆಲವು ಶಿಕ್ಷಕರಿಗೆ ಇದು ಹಿಡಿಸುವುದಿಲ್ಲ. ಆದರೆ ಕಿತ್ತೆ ಅಂದರೆ ಕತ್ತರಿಸಿ, ಕಿತೆ ಅಂದರೆ ಬಟ್ಟೆ ತೊಟ್ಟು. ಎರಡರ ಮೂಲರೂಪವೂ ಕಿರು, ವ್ಯತ್ಯಾಸ ಇರುವುದು ಒಂದು ಒತ್ತಕ್ಷರದಲ್ಲಿ. ನಮ್ಮ ಲಿಪಿಗೆ ಅದು ನೀರು ಕುಡಿದಷ್ಟು ಸುಲಭ. ಅದೇ ರೋಮನ್ ಲಿಪಿಯಲ್ಲಿ ಬರೆದ ‘ಕಿತೆ’ಯನ್ನು ನಮ್ಮವರು ಗಾಳಿಪಟದ ‘ಕೈಟ್’ ಅಂತ ಓದಿಬಿಡುತ್ತಾರೆ. ಏಳರಲ್ಲಿ ಇನ್ನೊಂದಾದ ಕಾಗದದ ಕಿಮೊನೊ ಮಾಡಿಸಿದರೆ ಎರಡು ಕಿರುವೂ ಒಂದೇ ಬಿದಿರಿನಲ್ಲಿ ಕೂರುತ್ತವೆ. ಜಪಾನಿಯ ಮೂಲ ಅಕ್ಷರಮಾಲೆ ಹಿರಗನ ಕೈಗೆ ಹತ್ತಿದ ಮೇಲೆ ಕನ್ನಡ ಬರಹವನ್ನು ಬಿಡಿಸುತ್ತೇನೆ.

ಕನ್ನಡ ಕೈಕೊಡುವುದು ಎಣಿಕೆಯಲ್ಲಿ. ಜಪಾನಿಯಲ್ಲಿ ಒಂದು, ಎರಡು, ಮೂರು ಅನ್ನುವುದು ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ. ಕಾಗದಕ್ಕೆ ಇಚಿಮೈ, ನಿಮೈ, ಸನ್‌ಮೈ. ಬಿದಿರಿನಂಥ ಉದ್ದ ವಸ್ತುವಿಗೆ ಇಪ್ಪೊನ್, ನಿಹೊನ್, ಸನ್‌ಬೊನ್. ಇದಕ್ಕೆ ಅಡ್ಡದಾರಿ ಇಲ್ಲ. ಕಾಗದ ಹಂಚುವಾಗ ಜಪಾನಿಯಲ್ಲಿ ಕೇಳಿದವರಿಗಷ್ಟೇ ಕೊಡುತ್ತೇನೆ, ಸುಮ್ನೆ ಕೈಚಾಚಿದರೆ ಇಲ್ಲ. ಕತ್ತರಿಸಿ ಉಳಿದ ಚೂರುಗಳನ್ನೂ ಬಿಸಾಡುವುದಿಲ್ಲ. ಅವನ್ನು ತುಂಬಿ ತೂಗುಹಾಕಲು ಕುಝುಕಗೊ ಅನ್ನುವ ಕಾಗದದ ಕಸದ ಬುಟ್ಟಿ ಇದೆ, ಅದೂ ಏಳರಲ್ಲಿ ಒಂದು.

ಕೊನೆಗೆ ತಂಝಕು. ಬಯಕೆಗೆ ಎನ್5 (ಜಪಾನಿ ಭಾಷಾ ಪರೀಕ್ಷೆಯ ಮೊದಲ ಮಟ್ಟ) ಪಾಠದ ‘ನಿಹೊನ್ ಎ ಇಕಿತಾಯ್ ದೆಸು’ (ಜಪಾನಿಗೆ ಹೋಗಬೇಕು) ಸಾಕು. ಆದರೆ ಜಪಾನಿನವರು ತಂಝಕುವಿನಲ್ಲಿ ಹೆಚ್ಚಾಗಿ ‘ಮಸು ಯೋ ನಿ’ ಅಂತ ಮುಗಿಸುತ್ತಾರೆ. ನಮ್ಮ ‘ಆಗಲಿ, ಬರಲಿ’ ಇದ್ದಂತೆ. ವ್ಯಾಕರಣ ಬಿಡಿಸದೆ ಹಾಗೇ ಕಲಿಸುತ್ತೇನೆ. ಬಹಳಷ್ಟು ಜನ ಬರೆಯುವುದು ‘ಗೋಕಕು ದೆಕಿಮಸು ಯೋ ನಿ’, ಪರೀಕ್ಷೆ ಪಾಸಾಗಲಿ ಅಂತ. ಜೆಎಲ್‌ಪಿಟಿ ಅನ್ನುವ ಆ ಭಾಷಾ ಪರೀಕ್ಷೆ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರ್ ತಿಂಗಳಲ್ಲಿ. ಜುಲೈನದು ಮೊದಲ ಭಾನುವಾರ. ತಂಝಕು ಕಟ್ಟುವ ಹೊತ್ತಿಗೆ ಸಾಮಾನ್ಯವಾಗಿ ಪರೀಕ್ಷೆ ಮುಗಿದೇ ಹೋಗಿರುತ್ತದೆ ಅಲ್ವಾ ಅಂತ ಕೇಳುತ್ತಾರೆ. ಫಲಿತಾಂಶ ಬರುವುದು ಆಗಸ್ಟ್ ಕೊನೆಗೆ, ಧಾರಾಳವಾಗಿ ಬರೆಯಿರಿ ಅನ್ನುತ್ತೇನೆ.