ಸ್ಟ್ಯಾಕಿಂಗ್ ಅಂದರೆ ಒಟ್ಟುವುದು

ಹರಿಹರದ ಹರಿಹರೇಶ್ವರ ಗುಡಿಗೆ ಹೋದವರು ಮಂಟಪದ ಕಂಬಗಳ ಫೋಟೊ ತೆಗೆಯದೆ ಬರುವುದು ಕಡಿಮೆ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ತಿರುಗಣಿಯಲ್ಲಿ ಕಡೆದ ಹಾಗಿರುವ ಕಂಬಗಳು, ಉಂಗುರದ ಮೇಲೆ ಉಂಗುರ. ಹೊರಗೆ ಉರಿಬಿಸಿಲು. ನಾಲ್ಕು ಹೆಜ್ಜೆ ಒಳಗೆ ಬಂದರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ. ಫೋನ್ ಎತ್ತಿ ಬಟನ್ ಒತ್ತಿದರೆ ‘ಅಲುಗಾಡಿಸಬೇಡಿ’ ಅನ್ನುತ್ತದೆ. ಎರಡು ಸೆಕೆಂಡ್ ಉಸಿರು ಬಿಗಿಹಿಡಿದು ನಿಂತರೆ ಸಾಕು, ಕಂಬ ನುಣ್ಣಗೆ ಬಂದಿರುತ್ತದೆ. ಅದೇ ಜಾಗದಲ್ಲಿ ನನ್ನ ಹಳೆಯ ಕ್ಯಾಮೆರಾದಲ್ಲಿ ಒಂದೇ ಒಂದು ಫೋಟೊ ತೆಗೆದೆ. ಕಂಬದ ಮೇಲೆಲ್ಲ ರವೆ ಚೆಲ್ಲಿದ ಹಾಗಿತ್ತು.

ಆ ಎರಡು ಸೆಕೆಂಡಿನಲ್ಲಿ ಫೋನ್ ತೆಗೆದದ್ದು ಒಂದು ಫೋಟೊ ಅಲ್ಲ. ಎಂಟೋ ಹತ್ತೋ ತೆಗೆದಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಕೆಟ್ಟದ್ದೇ. ಅವನ್ನೆಲ್ಲ ಒಂದರ ಮೇಲೊಂದು ಇಟ್ಟು ಒಂದು ಒಳ್ಳೆಯ ಫೋಟೊ ಮಾಡುತ್ತದೆ. ಈ ಕೆಲಸದ ಹೆಸರೇ ಸ್ಟ್ಯಾಕಿಂಗ್. ಫೋನಿನವರು ಇದನ್ನು ‘ನೈಟ್ ಮೋಡ್’ ಅಂತ ಕರೆದಿದ್ದಾರೆ. ಮಟಮಟ ಮಧ್ಯಾಹ್ನ ಗುಡಿಯೊಳಗೆ ನಿಂತು ನೈಟ್ ಮೋಡ್ ಒತ್ತುವವನಿಗೆ ಆ ಹೆಸರು ಅಷ್ಟೇನೂ ಸರಿ ಕಾಣುವುದಿಲ್ಲ.

ಸ್ಟ್ಯಾಕ್ ಅನ್ನುವುದಕ್ಕೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ: ಒಟ್ಟುವುದು. ಸೌದೆ ಒಟ್ಟುತ್ತೇವೆ, ಬಣವೆ ಒಟ್ಟುತ್ತೇವೆ. ಲೆಕ್ಕ ಮಾಡಿ ಮುಗಿಸಿದ ಮೇಲೆ ‘ಒಟ್ಟು ಎಷ್ಟಾಯ್ತು’ ಅಂತಲೂ ಕೇಳುತ್ತೇವೆ. ಪೇರಿಸುವುದಕ್ಕೂ ಕೂಡುವುದಕ್ಕೂ ಒಂದೇ ಮಾತು. ಇಂಗ್ಲಿಷಿನ ಸ್ಟ್ಯಾಕ್‌ನಲ್ಲಿ ಪೇರಿಸುವುದು ಮಾತ್ರ ಕಾಣುತ್ತದೆ, ಕೂಡುವುದು ಕಾಣುವುದಿಲ್ಲ. ಇಲ್ಲಿ ನಡೆಯುವುದು ಎರಡೂ. ಫೋಟೊಗಳನ್ನು ಪೇರಿಸಿ, ಒಂದೊಂದು ಚುಕ್ಕೆಯ ಬೆಳಕನ್ನೂ ಕೂಡಿ, ಸರಾಸರಿ ತೆಗೆಯುವುದು.

ಸರಿ, ಕೂಡಿದರೆ ರವೆ ಯಾಕೆ ಮಾಯವಾಗಬೇಕು? ಹತ್ತು ಫೋಟೊದ ರವೆ ಸೇರಿ ಹತ್ತರಷ್ಟಾಗಬೇಕಿತ್ತು ಅಲ್ವಾ?

ಮೊದಲ ಮಳೆ ಹನಿ ಬೀಳುವಾಗ ಅಂಗಳದ ಕಡಪ ಬಂಡೆಗಳನ್ನು ನೋಡಿ. ಒಂದು ಬಂಡೆ ಮೇಲೆ ಐದು ಹನಿ, ಪಕ್ಕದ್ದರ ಮೇಲೆ ಎರಡು, ಅದರಾಚೆಯದು ಒಣಒಣ. ಮಳೆರಾಯನಿಗೆ ಯಾವ ಬಂಡೆ ಮೇಲೂ ಸಿಟ್ಟಿಲ್ಲ. ಹನಿ ಕಡಿಮೆ ಇದ್ದಾಗ ಹಂಚಿಕೆ ಹೀಗೇ ಏರುಪೇರು. ಹತ್ತು ನಿಮಿಷ ಬಿಟ್ಟು ಬಂದರೆ ಎಲ್ಲ ಬಂಡೆಯೂ ಒಂದೇ ಸಮ ಒದ್ದೆ.

ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಮೇಲೂ ಇಂಥ ಪುಟ್ಟ ಚೌಕಗಳಿವೆ, ಕೋಟಿಗಟ್ಟಲೆ. ಬೆಳಕೂ ಹನಿಹನಿಯಾಗಿಯೇ ಬೀಳುತ್ತದೆ. ಆ ಹನಿಗೆ ಫೋಟಾನ್ ಅಂತ ಹೆಸರು. ಕತ್ತಲೆ ಮಂಟಪದಲ್ಲಿ ಒಂದು ಚೌಕಕ್ಕೆ ಸರಾಸರಿ 100 ಹನಿ ಬೀಳುತ್ತವೆ ಅಂತಿಟ್ಟುಕೊಳ್ಳಿ. ನಿಜವಾಗಿ ಒಂದಕ್ಕೆ 92, ಪಕ್ಕದ್ದಕ್ಕೆ 109 ಬೀಳಬಹುದು. ಈ ಏರುಪೇರು ಸುಮಾರು ಆ ಸಂಖ್ಯೆಯ ವರ್ಗಮೂಲದಷ್ಟು ಇರುತ್ತದೆ. 100ಕ್ಕೆ 10, ಅಂದರೆ ನೂರಕ್ಕೆ ಹತ್ತು. ಕಣ್ಣಿಗೆ ರವೆಯಾಗಿ ಕಾಣುವುದು ಇದೇ. ಈಗ ಅಂಥ 16 ಫೋಟೊ ಒಟ್ಟಿ. ಹನಿ ಒಟ್ಟು 1600. ಅದರ ವರ್ಗಮೂಲ 40. ಬೆಳಕು 16 ಪಟ್ಟು ಹೆಚ್ಚಿತು, ಏರುಪೇರು ಹೆಚ್ಚಿದ್ದು 4 ಪಟ್ಟು ಮಾತ್ರ. ನೂರಕ್ಕೆ ಹತ್ತು ಇದ್ದದ್ದು ಎರಡೂವರೆಗೆ ಇಳಿಯಿತು.

ಯಾಕೆಂದರೆ ಕಂಬ ಹದಿನಾರು ಫೋಟೊದಲ್ಲೂ ಅಲ್ಲೇ ಇದೆ. ರವೆ ಮಾತ್ರ ಪ್ರತಿ ಸಲ ಬೇರೆ ಬೇರೆ ಕಡೆ ಬಿದ್ದಿದೆ. ಸರಾಸರಿ ತೆಗೆದಾಗ ಕಂಬ ಉಳಿಯುತ್ತದೆ, ರವೆ ಒಂದನ್ನೊಂದು ತಿಂದುಕೊಳ್ಳುತ್ತದೆ.

ಲೆಕ್ಕದ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. 4 ಫೋಟೊ ಒಟ್ಟಿದರೆ ರವೆ ಅರ್ಧ, 9ಕ್ಕೆ ಮೂರನೇ ಒಂದು ಪಾಲು, 16ಕ್ಕೆ ಕಾಲು. ಅದನ್ನೂ ಅರ್ಧ ಮಾಡಬೇಕೆಂದರೆ 64 ಬೇಕು! ಅಷ್ಟರಲ್ಲಿ ಕೈ ಸೋತು, ಹಿಂದೆ ನಿಂತವರು ಸಿಡಿಮಿಡಿ ಅಂದಿರುತ್ತಾರೆ. ನಾನು ಎಂಟರಿಂದ ಹದಿನಾರರೊಳಗೆ ನಿಲ್ಲಿಸುತ್ತೇನೆ.

ಇಷ್ಟೆಲ್ಲ ಯಾಕೆ, ಸುಮ್ನೆ ಒಂದೇ ಫೋಟೊಗೆ ಒಂದು ಸೆಕೆಂಡ್ ಶಟರ್ ತೆರೆದು ಬಿಟ್ಟರೆ ಆಗಲ್ವಾ? ಆಗುತ್ತದೆ, ಟ್ರೈಪಾಡ್ ಇದ್ದರೆ. ಆದರೆ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಜನ ಓಡಾಡುವ ಗುಡಿಯಲ್ಲಿ ಮೂರು ಕಾಲು ಚಾಚಿ ನಿಲ್ಲುವುದೂ ಚೆನ್ನಾಗಿರಲ್ಲ. ಕೈಯಲ್ಲಿ ಹಿಡಿದರೆ ಒಂದು ಸೆಕೆಂಡ್ ಅಸಾಧ್ಯ. 50 ಎಂಎಂ ಲೆನ್ಸಾದರೆ ಸೆಕೆಂಡಿನ 50ನೇ ಒಂದು ಭಾಗಕ್ಕಿಂತ ನಿಧಾನ ಹೋಗಬೇಡಿ ಅಂತ ಹಳಬರ ಲೆಕ್ಕ. ಅಲುಗಾಟ ತಡೆಯುವ ಲೆನ್ಸ್ ಇದ್ದು, ಕಂಬಕ್ಕೆ ಒರಗಿ ನಿಂತರೆ 15ನೇ ಒಂದು ಭಾಗದವರೆಗೆ ಹೋಗಬಹುದು. ಅಂಥ 16 ಫೋಟೊ ಕೂಡಿದರೆ ಒಂದು ಸೆಕೆಂಡಿಗೂ ತುಸು ಜಾಸ್ತಿ ಬೆಳಕಾಯಿತು. ಒಂದೇ ಗುಟುಕಿಗೆ ಕುಡಿಯಲಾಗದ್ದನ್ನು ಗುಟುಕು ಗುಟುಕಾಗಿ ಕುಡಿದ ಹಾಗೆ.

ಆದರೆ ಗುಟುಕುಗಳ ನಡುವೆ ಕೈ ಅಲ್ಲಾಡಿರುತ್ತದೆ. ಒಂದು ಫೋಟೊದಲ್ಲಿ ಕಂಬ ಚೂರು ಎಡಕ್ಕೆ, ಇನ್ನೊಂದರಲ್ಲಿ ಚೂರು ಮೇಲಕ್ಕೆ. ಹಾಗೇ ಕೂಡಿದರೆ ಕಲಸುಮೇಲೋಗರ. ಚಳ್ಳಕೆರೆ ಕಡೆ ನಮ್ಮಜ್ಜಿ ಊರಲ್ಲಿ ಬಣವೆ ಒಟ್ಟುವವರು ಸಿವುಡು ಸಿವುಡಿಗೂ ಅಂಚು ನೋಡಿ ಇಡುತ್ತಿದ್ದರು. ಅಡ್ಡಾದಿಡ್ಡಿ ಒಟ್ಟಿದರೆ ಮಳೆನೀರು ಒಳಗಿಳಿದು ಮೇವೆಲ್ಲ ಮುಗ್ಗಾಗುತ್ತಿತ್ತು. ಫೋಟೊಗಳಿಗೂ ಹೀಗೇ ಅಂಚು ಹೊಂದಿಸಬೇಕು. ಇದಕ್ಕೆ ಅಲೈನ್‌ಮೆಂಟ್ ಅನ್ನುತ್ತಾರೆ. ಸಾಫ್ಟ್‌ವೇರ್ ಒಂದು ಫೋಟೊವನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಕಂಬದ ಉಂಗುರ, ಕಲ್ಲಿನ ಬಿರುಕು, ಇಂಥ ಗುರುತು ಹಿಡಿದು ಉಳಿದವನ್ನು ಸರಿಸಿ, ತಿರುಗಿಸಿ ಅದರ ಮೇಲೆ ಕೂರಿಸುತ್ತದೆ.

ತಮಾಷೆ ಅಂದರೆ ಕೈ ನಡುಗುವುದರಿಂದ ಲಾಭವೂ ಇದೆ. ಸೆನ್ಸರ್‌ನಲ್ಲಿ ಕೆಲವು ಕೆಟ್ಟ ಚೌಕಗಳಿರುತ್ತವೆ. ಅವು ಪ್ರತಿ ಫೋಟೊದಲ್ಲೂ ಅದೇ ಜಾಗದಲ್ಲಿ ಬಿಳಿಚುಕ್ಕೆ ಇಡುತ್ತವೆ. ಟ್ರೈಪಾಡ್ ಮೇಲಿಟ್ಟು ತೆಗೆದರೆ ಆ ಚುಕ್ಕೆ ಕಂಬದ ಅದೇ ಜಾಗಕ್ಕೆ ಅಂಟಿಕೊಳ್ಳುತ್ತದೆ, ಎಷ್ಟು ಒಟ್ಟಿದರೂ ಹೋಗುವುದಿಲ್ಲ. ಕೈ ನಡುಗಿದ್ದರೆ ಚುಕ್ಕೆ ಸಲ ಸಲವೂ ಬೇರೆ ಜಾಗದಲ್ಲಿ ಬೀಳುತ್ತದೆ, ಸರಾಸರಿಯಲ್ಲಿ ಕರಗುತ್ತದೆ. ಆಕಾಶದ ಫೋಟೊ ತೆಗೆಯುವವರು ಇದಕ್ಕಾಗಿಯೇ ಟೆಲಿಸ್ಕೋಪನ್ನು ಫೋಟೊ ಫೋಟೊಗೂ ಬೇಕಂತಲೇ ಚೂರು ಸರಿಸುತ್ತಾರೆ. ಒಟ್ಟುವ ವಿದ್ಯೆಯಲ್ಲಿ ಅವರು ನಮಗಿಂತ ಹಳಬರು. ಕೈಯಲ್ಲಿ ಹಿಡಿಯುವ ಕ್ಯಾಮೆರಾಗೆ 2009ರಲ್ಲಿ ಸೋನಿ ತನ್ನ ಪುಟ್ಟ ಸೈಬರ್‌ಶಾಟ್‌ಗಳಲ್ಲಿ ಆರು ಫೋಟೊ ಕೂಡಿಸುವ ‘ಹ್ಯಾಂಡ್‌ಹೆಲ್ಡ್ ಟ್ವಿಲೈಟ್’ ತಂದಿತು. 2013ರಲ್ಲಿ ಗೂಗಲ್‌ನ ನೆಕ್ಸಸ್ 5 ಫೋನಿಗೆ ಹೀಗೇ ಫೋಟೊ ಒಟ್ಟುವ ಎಚ್‌ಡಿಆರ್ ಪ್ಲಸ್ ಬಂತು, 2018ರಲ್ಲಿ ಅದರದೇ ಪಿಕ್ಸೆಲ್ ಫೋನಿಗೆ ನೈಟ್ ಸೈಟ್, ಮರುವರ್ಷ ಐಫೋನ್ 11ಕ್ಕೆ ನೈಟ್ ಮೋಡ್. ಆಮೇಲೆ ಎಲ್ಲರ ಜೇಬಿಗೂ ಬಂತು.

ಕಂಬ ನಿಂತಲ್ಲೇ ನಿಲ್ಲುತ್ತದೆ. ಮನುಷ್ಯರು ನಿಲ್ಲುವುದಿಲ್ಲ. ನಾನು ಕಲಿತದ್ದು ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ. ಒಳಗೆ ಹೊಗೆ, ಒಲೆಯ ಕೆಂಪು ಬೆಳಕು, ಮೇಲೆ ಒಂದು ಮಸಿ ಹಿಡಿದ ಬಲ್ಬು. ಬಿಸಿ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಪಟಪಟ ಅರಳುತ್ತದೆ. ಹುರಿಯುವವರ ಕೈ ಒಂದು ಕ್ಷಣ ನಿಲ್ಲುವುದಿಲ್ಲ. ನಿಲ್ಲಿಸಿದರೆ ಸೀಯುತ್ತದೆ. ನಾನು ಒಂದೇ ಉಸಿರಿಗೆ 12 ಫೋಟೊ ತೆಗೆದೆ, ಮನೆಗೆ ಬಂದು ಒಟ್ಟಿ ಸರಾಸರಿ ತೆಗೆದೆ. ಗೋಡೆಯ ಮಸಿ ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಮುಟ್ಟಿದರೆ ಕೈಗೆ ಹತ್ತೀತು. ಹುರಿಯುವವರಿಗೆ ಮಾತ್ರ ಹನ್ನೆರಡು ಕೈ, ಒಂದೊಂದೂ ಹೊಗೆಯಷ್ಟು ತೆಳು. ಇದಕ್ಕೆ ಘೋಸ್ಟಿಂಗ್ ಅಂತ ಹೆಸರು. ದೆವ್ವ ಅನ್ನುವುದಕ್ಕಿಂತ ದೇವಿಯ ಹಾಗೇ ಕಾಣುತ್ತಿದ್ದರು.

ಘೋಸ್ಟಿಂಗ್‌ಗೆ ಒಂದು ಮದ್ದು ಮೀಡಿಯನ್, ಅಂದರೆ ನಡುಸಂಖ್ಯೆ. ಒಂದು ಚುಕ್ಕೆಯನ್ನೇ ಹತ್ತಿರದಿಂದ ನೋಡೋಣ. ಹರಿಹರದ ಮಂಟಪದಲ್ಲಿ ಏಳು ಫೋಟೊ. ನೆಲದ ಒಂದು ಚುಕ್ಕೆಯ ಬೆಳಕು ಕ್ರಮವಾಗಿ 41, 38, 44, 40, 39, 43, 190 ಅಂತಿಟ್ಟುಕೊಳ್ಳಿ. ಕೊನೆಯದರಲ್ಲಿ ಬಿಳಿ ಪಂಚೆಯವರೊಬ್ಬರು ಅಡ್ಡ ಬಂದರು. ಸರಾಸರಿ ತೆಗೆದರೆ 62. ನೆಲದ ಮೇಲೆ ಪಂಚೆಯ ಮಬ್ಬು ನೆರಳು ಉಳಿಯಿತು. ಅದರ ಬದಲು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದನ್ನು ಆರಿಸಿದರೆ 41. ಪಂಚೆಯವರು ಬಂದೇ ಇಲ್ಲ! ಯಾವ ಜಾಗದಲ್ಲೂ ಅರ್ಧಕ್ಕಿಂತ ಜಾಸ್ತಿ ಹೊತ್ತು ಯಾರೂ ನಿಲ್ಲದಿದ್ದರೆ ಹೀಗೆ ಇಡೀ ಜನಸಂದಣಿಯನ್ನೇ ಅಳಿಸಬಹುದು. ರವೆ ಕಳೆಯುವುದರಲ್ಲಿ ಮಾತ್ರ ಸರಾಸರಿಯದ್ದೇ ಒಂದು ಕೈ ಮೇಲು.

ಭಟ್ಟಿಯಲ್ಲಿ ಮೀಡಿಯನ್ ಕೂಡ ಕೆಲಸಕ್ಕೆ ಬರಲಿಲ್ಲ. ಕೈಗಳೇ ಹೋಗಿ ಮೊಂಡಾದವು. ನನಗೆ ಬೇಕಿದ್ದದ್ದೇ ಆ ಕೈ. ಫೋನುಗಳು ಇಲ್ಲಿ ಜಾಣತನ ತೋರಿಸುತ್ತವೆ. ಅಲ್ಲಾಡಿದ ಜಾಗ ಯಾವುದು ಅಂತ ಗುರುತಿಸಿ, ಅಷ್ಟು ಜಾಗಕ್ಕೆ ಆಧಾರದ ಒಂದೇ ಫೋಟೊ ಬಳಸಿ, ಉಳಿದದ್ದನ್ನು ಒಟ್ಟುತ್ತವೆ. ಅದಕ್ಕೇ ಫೋನಿನ ಫೋಟೊವನ್ನು ಹಿಗ್ಗಿಸಿ ನೋಡಿದರೆ ಗೋಡೆ ನುಣ್ಣಗೆ, ಓಡುವ ಮಗುವಿನ ಮುಖ ಮಾತ್ರ ರವೆರವೆ. ನಾನೂ ಹಾಗೇ ಮಾಡಿದೆ. ಹನ್ನೆರಡರಲ್ಲಿ ಕೈ ಚೆನ್ನಾಗಿದ್ದ ಒಂದನ್ನು ಆರಿಸಿ, ಕೈಯ ಭಾಗಕ್ಕೆ ಅದನ್ನೇ ಉಳಿಸಿದೆ.

ಸ್ಟ್ಯಾಕಿಂಗ್ ಅನ್ನುವ ಈ ಮಾತಿನ ಸುತ್ತ ಇನ್ನೆರಡು ಮಾತು ಸಿಕ್ಕಿಹಾಕಿಕೊಂಡಿವೆ. ಹಿಂದೆ ಸ್ಟುಡಿಯೋಗಳಲ್ಲಿ ಒಬ್ಬರನ್ನೇ ಇಬ್ಬರಾಗಿ ತೋರಿಸುತ್ತಿದ್ದರಲ್ಲ, ಅದು ಡಬಲ್ ಎಕ್ಸ್‌ಪೋಷರ್. ಒಂದೇ ಫಿಲ್ಮ್ ಮೇಲೆ ಎರಡು ಸಲ ಬೆಳಕು ಬಿಡುವುದು. ಅಲ್ಲಿ ಎರಡು ಬೇರೆ ಬೇರೆ ಚಿತ್ರ ಬೇಕು, ಇಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಬೇಕು. ಇನ್ನೊಂದು ಬ್ರಾಕೆಟಿಂಗ್. ಒಂದು ಕಪ್ಪು, ಒಂದು ಹದ, ಒಂದು ಬೆಳ್ಳಗೆ ಹೀಗೆ ಮೂರು ತೆಗೆದು ಸೇರಿಸುವುದು. ಮಂಟಪದ ಕತ್ತಲೆಯೂ ಅಂಚಿನ ಬಿಸಿಲೂ ಎರಡೂ ಬೇಕಾದಾಗ ಇದು ಸರಿ. ಆದರೆ ಆ ಬೆಳ್ಳಗಿನ ಫೋಟೊಗೆ ಶಟರ್ ಜಾಸ್ತಿ ಹೊತ್ತು ತೆರೆದಿರಬೇಕು, ಕೈಯಲ್ಲಿ ಹಿಡಿದರೆ ಅದೇ ಅಲುಗುತ್ತದೆ. ಎಲ್ಲವನ್ನೂ ಒಂದೇ ಅಳತೆಯಲ್ಲಿ, ತುಸು ಕಪ್ಪಗೇ ತೆಗೆದು ಒಟ್ಟಿ, ಆಮೇಲೆ ಕತ್ತಲ ಭಾಗವನ್ನು ಎತ್ತುವುದು ನನಗೆ ಹೆಚ್ಚು ಒಗ್ಗಿದೆ. ಮೊದಲಿನ ಎಚ್‌ಡಿಆರ್ ಪ್ಲಸ್ ಮಾಡುತ್ತಿದ್ದದ್ದೂ ಇದನ್ನೇ.

ಕ್ಯಾಮೆರಾದಲ್ಲಿ ಮಾಡಿ ನೋಡುವವರಿಗೆ ನನ್ನ ಅಳತೆ ಹೇಳುತ್ತೇನೆ. ಲೆನ್ಸಿನ ಕಿಂಡಿ ಎಫ್ 2, ಬೆಳಕಿನ ಸೂಕ್ಷ್ಮತೆ ಐಎಸ್‌ಓ 1600, ಶಟರ್ ಸೆಕೆಂಡಿನ 30ನೇ ಒಂದು ಭಾಗ. ಎಲ್ಲವೂ ಮ್ಯಾನ್ಯುಯಲ್, ಫೋಕಸ್ ಕೂಡ. ಇಲ್ಲದಿದ್ದರೆ ಫೋಟೊ ಫೋಟೊಗೂ ಕ್ಯಾಮೆರಾ ಮನಸ್ಸು ಬದಲಿಸುತ್ತದೆ. ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ತಿದ್ದದ ಹಸಿ ರೂಪದಲ್ಲೇ ತೆಗೆಯಿರಿ. ಜೆಪೆಗ್ ಆದರೆ ಕ್ಯಾಮೆರಾ ಮೊದಲೇ ರವೆ ಒರೆಸಲು ಹೋಗಿ ಕಲ್ಲಿನ ಸಣ್ಣ ಗೆರೆಗಳನ್ನೂ ಒರೆಸಿರುತ್ತದೆ, ಒಟ್ಟಿದರೆ ಆ ಗೆರೆ ವಾಪಸ್ ಬರುವುದಿಲ್ಲ. ಎಲ್‌ಇಡಿ ದೀಪ ಇದ್ದರೆ ಹುಷಾರು. ನಮ್ಮ ಕರೆಂಟು 50 ಹರ್ಟ್ಜ್, ಕಳಪೆ ದೀಪಗಳು ಸೆಕೆಂಡಿಗೆ 100 ಸಲ ಮಿಣಕುತ್ತವೆ. ಶಟರ್ 50ನೇ ಅಥವಾ 100ನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಬೀಳುವುದು ತಪ್ಪುತ್ತದೆ. ಫೋಟೊಶಾಪ್‌ನಲ್ಲಿ ಎಲ್ಲವನ್ನೂ ಲೇಯರ್‌ಗಳಾಗಿ ಹಾಕಿ, ಆಟೊ ಅಲೈನ್ ಮಾಡಿ, ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ (ಸರಾಸರಿ) ಅಥವಾ ಮೀಡಿಯನ್ ಆರಿಸಿದರೆ ಮುಗೀತು. ದುಡ್ಡು ಕೊಡದೆ ಮಾಡುವುದಾದರೆ ಹ್ಯೂಜಿನ್ ಅನ್ನುವ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಮಾಡುವ ಟೂಲ್ ಮತ್ತು ಫೋಟೊ ತಿದ್ದುವ ಜಿಂಪ್ ಸಾಕು. ಜಿಂಪ್‌ನಲ್ಲಿ ಕೆಳಗಿನ ಲೇಯರ್ 100, ಅದರ ಮೇಲಿನದು 50, ಆಮೇಲೆ 33, 25 ಹೀಗೆ ಒಪ್ಯಾಸಿಟಿ, ಅಂದರೆ ಲೇಯರಿನ ದಟ್ಟತನ, ಇಳಿಸುತ್ತಾ ಹೋದರೆ ಅದೇ ಸರಾಸರಿ.

ಇಷ್ಟು ಕಲಿತ ಉಮೇದಿನಲ್ಲಿ ಚಿತ್ರದುರ್ಗದ ಚಂದ್ರವಳ್ಳಿಗೆ ಹೋದೆ. ಅಲ್ಲಿನ ಅಂಕಲಿಮಠ ಬಂಡೆಗಳ ಅಡಿಯ ಗುಹೆ. ಬಗ್ಗಿ ಇಳಿಯಬೇಕು, ಕೋಣೆಯಿಂದ ಕೋಣೆಗೆ ಹೋದ ಹಾಗೆ ಕತ್ತಲೆ ಗಟ್ಟಿಯಾಗುತ್ತದೆ. ಜೊತೆಗೆ ಬಂದವರಿಗೆ ಟಾರ್ಚ್ ಆರಿಸಿ ಅಂದೆ. ಬಂಡೆಗೆ ಬೆನ್ನು ಒತ್ತಿ, ಮೊಣಕೈ ಪಕ್ಕೆಗೆ ಸಿಕ್ಕಿಸಿ, 16 ಫೋಟೊ ತೆಗೆದೆ. ಸೊನ್ನೆಗೆ ಎಷ್ಟು ಸೊನ್ನೆ ಒಟ್ಟಿದರೂ ಸೊನ್ನೆಯೇ. ಹನಿಯೇ ಬೀಳದಿದ್ದರೆ ಕೂಡುವುದೇನನ್ನು? ಮೇಲಾಗಿ ಸೆನ್ಸರ್ ಓದುವಾಗ ತನ್ನದೇ ಒಂದಿಷ್ಟು ರವೆಯನ್ನು ಪ್ರತಿ ಫೋಟೊಗೂ ಸೇರಿಸುತ್ತದೆ. ಫೋಟೊದಲ್ಲಿ ಇದ್ದದ್ದು ಅದೊಂದೇ. ಅಲೈನ್ ಮಾಡಲು ಸಾಫ್ಟ್‌ವೇರ್‌ಗೆ ಒಂದು ಗುರುತೂ ಸಿಗುತ್ತಿರಲಿಲ್ಲ.

ಟಾರ್ಚನ್ನು ನೇರವಾಗಿ ಗೋಡೆಗೆ ಬಿಟ್ಟರೆ ನಡುವೆ ಬೆಳ್ಳಗೆ ಒಂದು ದೋಸೆ, ಸುತ್ತ ಕಪ್ಪು. ಕೊನೆಗೆ ಅವರೇ ಟಾರ್ಚನ್ನು ಮೇಲಿನ ಬಂಡೆಗೆ ತಿರುಗಿಸಿ ಅಲ್ಲಾಡದೆ ಹಿಡಿದರು. ಬೆಳಕು ಬಂಡೆಗೆ ಬಡಿದು ಕೋಣೆಯೊಳಗೆಲ್ಲ ಮಬ್ಬಾಗಿ ಇಳಿಯಿತು. ಬಾಗಿಲಿನ ಅಂಚು ಕಂಡಿತು, ಗೋಡೆಯ ಗೂಡು ಕಂಡಿತು. ಒಂದು ಫೋಟೊ ನೋಡಿದರೆ ಬರೀ ರವೆ, ಆದರೆ ರವೆಯ ಹಿಂದೆ ಏನೋ ಇತ್ತು. ‘ಕೈ ನೋಯುತ್ತೆ, ಬೇಗ ಮುಗಿಸಿ’ ಅಂದರು. ಹನ್ನೆರಡಕ್ಕೆ ನಿಲ್ಲಿಸಿದೆ.