ಒಂದೇ ಪ್ರಸಂಗ, ಎರಡು ತಿಟ್ಟು

ಉಡುಪಿಯ ನಮ್ಮ ಮನೆಯ ತಾರಸಿಯಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಒಂದಿದೆ: ಬಾಷ್ ಕಂಪೆನಿಯ ಬಿಎಂಪಿ280. ಉದ್ದ 2.5 ಮಿ.ಮೀ., ಅಗಲ 2 ಮಿ.ಮೀ.; ಕುಚ್ಚಲಕ್ಕಿ ಕಾಳೇ ಅದಕ್ಕಿಂತ ಉದ್ದ. ಆಟಿಯ ಮಳೆಗೆ ಮುಂಚೆ ಒತ್ತಡ ಇಳಿಯುವುದನ್ನು ನೋಡುತ್ತ ಕೂರುವುದು ನನ್ನ ಚಟ.

ಈ ಚಿಪ್‌ಗೆ ಎರಡು ಭಾಷೆ ಬರುತ್ತದೆ. ಎರಡು ತಂತಿಯ ಐ2ಸಿ ಬಸ್ಸಿಗೂ ಸೇರಿಸಬಹುದು, ನಾಲ್ಕು ತಂತಿಯ ಎಸ್‌ಪಿಐ ಬಸ್ಸಿಗೂ. ಬಸ್ ಎಂದರೆ ಚಿಪ್‌ಗಳು ಪರಸ್ಪರ ಮಾತಾಡುವ ತಂತಿಗಳ ದಾರಿ. (ಮಂಗಳೂರಿನ ಸ್ಟೇಟ್‌ಬ್ಯಾಂಕಿನಿಂದ ಹೊರಡುವ ಬಸ್ಸಿನ ಜೋಕು ಕೇಳಿ ಕೇಳಿ ಸಾಕಾಗಿದೆ, ದಯವಿಟ್ಟು ಬೇಡ.) ಬಸ್ ಬದಲಾದರೆ ಡ್ರೈವರನ್ನೂ, ಅಂದರೆ ಚಿಪ್ಪನ್ನು ನಡೆಸುವ ತಂತ್ರಾಂಶವನ್ನೂ, ಹೊಸದಾಗಿ ಬರೆಯಬೇಕೆಂದು ನಂಬಿದವರು ಬಹಳ. ಹಳೆ ಫೈಲನ್ನು ಕಾಪಿ ಹೊಡೆದು ಅಲ್ಲಲ್ಲಿ ತಿದ್ದುತ್ತಾರೆ. ಆಮೇಲೆ ಒಂದರಲ್ಲಿ ಸರಿಮಾಡಿದ ತಪ್ಪು ಇನ್ನೊಂದರಲ್ಲಿ ಹಾಗೇ ಉಳಿಯುತ್ತದೆ. ಆಯುಧಪೂಜೆಗೆ ಬೋರ್ಡಿಗೆ ಕುಂಕುಮ ಹಚ್ಚಿದರೂ ಅದು ಹೋಗದು.

ಯಕ್ಷಗಾನ ನೋಡಿದವರಿಗೆ ಇದು ಥಟ್ಟನೆ ಹೊಳೆಯಬೇಕು. ಒಂದೇ ಪ್ರಸಂಗ ತೆಂಕುತಿಟ್ಟಿನಲ್ಲೂ ಆಗುತ್ತದೆ, ಬಡಗುತಿಟ್ಟಿನಲ್ಲೂ. ಚೆಂಡೆ ಬೇರೆ, ಕುಣಿತ ಬೇರೆ. ಪದ್ಯವನ್ನು ಯಾರೂ ಎರಡು ಸಲ ಬರೆಯುವುದಿಲ್ಲ. ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲೂ ಹೀಗೇ. ಒತ್ತಡದ ಲೆಕ್ಕವೆಲ್ಲ ಒಂದು ಮುಖ್ಯ ಫೈಲಿನಲ್ಲಿ, ಬಸ್ಸಿಗೊಂದು ಚಿಕ್ಕ ಫೈಲು. ನಡುವೆ ಎರಡನ್ನೂ ಬೆಸೆಯುವ ರೆಗ್‌ಮ್ಯಾಪ್ ಎಂಬ ಪದರ, ಮಾರ್ಕ್ ಬ್ರೌನ್ ಬರೆದ ಇದು 2011ರಲ್ಲಿ ಕರ್ನಲ್ 3.1ಕ್ಕೆ ಸೇರಿತು. ಮುಖ್ಯ ಫೈಲು ‘ಇಂಥ ರಿಜಿಸ್ಟರಿಗೆ (ಚಿಪ್‌ನೊಳಗಿನ, ಸಂಖ್ಯೆಯಿರುವ ಗೂಡಿಗೆ) ಇದನ್ನು ಬರೆ’ ಎನ್ನುತ್ತದೆ, ಯಾವ ತಂತಿಯೆಂದು ಕೇಳುವುದಿಲ್ಲ. ಧಕ್ಕೆಯಲ್ಲಿ ಮೀನು ಮಾರುವ ಅಕ್ಕ ಒಬ್ಬರಿಗೆ ತುಳುವಿನಲ್ಲಿ, ಇನ್ನೊಬ್ಬರಿಗೆ ಕೊಂಕಣಿಯಲ್ಲಿ, ಮತ್ತೊಬ್ಬರಿಗೆ ಬ್ಯಾರಿಯಲ್ಲಿ ರೇಟು ಹೇಳುತ್ತಾರೆ, ಬಂಗುಡೆ ಅದೇ.

ಎಸ್‌ಪಿಐಯ ಚಿಕ್ಕ ಫೈಲಿನಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಾಲಿದೆ. 1982ರಲ್ಲಿ ಫಿಲಿಪ್ಸ್ ಕಂಪೆನಿ ರೂಪಿಸಿದ ಐ2ಸಿಯಲ್ಲಿ ಪ್ರತಿ ಚಿಪ್‌ಗೆ 7 ಬಿಟ್‌ನ (0 ಅಥವಾ 1 ಎಂಬ ಏಳು ಅಂಕಿಯ) ವಿಳಾಸ. ಅದರ ಬಾಲಕ್ಕೆ ಎಂಟನೆಯ ಬಿಟ್, ಓದುವುದೋ ಬರೆಯುವುದೋ ಎಂದು ತಿಳಿಸಲು. ಎಸ್‌ಪಿಐಯಲ್ಲಿ ವಿಳಾಸವೇ ಇಲ್ಲ, ಚಿಪ್ಪನ್ನು ಕರೆಯಲು ಪ್ರತ್ಯೇಕ ತಂತಿ. ಹಾಗಾದರೆ ಓದು-ಬರೆಯ ಸೂಚನೆಗೆ ಜಾಗ ಎಲ್ಲಿ? ಬಾಷ್‌ನವರು ರಿಜಿಸ್ಟರ್ ಸಂಖ್ಯೆಯ ಮೊದಲ ಬಿಟ್ಟನ್ನೇ ಕಿತ್ತುಕೊಂಡರು: 1 ಎಂದರೆ ಓದು, 0 ಎಂದರೆ ಬರೆ. 11110100 ಎಂಬ ರಿಜಿಸ್ಟರಿಗೆ ಬರೆಯುವಾಗ ಆ ಸಾಲು ಅದನ್ನು 01110100 ಮಾಡಿ ಕಳಿಸುತ್ತದೆ. ಬೇರೆ ರಿಜಿಸ್ಟರಿಗೆ ಹೋಗುವುದಿಲ್ಲವೇ? ಇಲ್ಲ, ಈ ಚಿಪ್‌ನ ಮಾಹಿತಿಪತ್ರದಲ್ಲಿರುವ ರಿಜಿಸ್ಟರುಗಳ ಸಂಖ್ಯೆಯೆಲ್ಲ 1 ಎಂಬ ಬಿಟ್‌ನಿಂದಲೇ ಶುರು. ಊರವರೆಲ್ಲ ಶೆಟ್ಟರೇ ಆದರೆ, ಶೆಟ್ಟಿ ಎಂದು ಬರೆಯದಿದ್ದರೂ ಕಾಗದ ತಲಪುತ್ತದೆ.

ಮುಖ್ಯ ಫೈಲಿಗೆ ಈ ಕಿತಾಪತಿಯ ಸುಳಿವೇ ಇಲ್ಲ. ಹೋದ ಜೂನ್‌ನಲ್ಲಿ ನನ್ನ ಸೆನ್ಸರನ್ನು ಐ2ಸಿಯಿಂದ ಎಸ್‌ಪಿಐಗೆ ಬದಲಿಸಿದೆ. ತಂತಿ ಬೆಸೆದು, ಯಾವ ಚಿಪ್ ಎಲ್ಲಿ ಸೇರಿದೆ ಎಂದು ಕರ್ನಲ್‌ಗೆ ತಿಳಿಸುವ ಡಿವೈಸ್ ಟ್ರೀಯಲ್ಲಿ ಕೆಲವು ಸಾಲು ತಿದ್ದಿದ್ದಷ್ಟೇ. ಒತ್ತಡದ ಗ್ರಾಫ್ ಬಿಟ್ಟಲ್ಲಿಂದ ಮುಂದುವರಿಯಿತು, ಮಳೆಯೂ ಸುರಿಯಿತು.