ಟ್ರಸ್ಟ್ ಭೂಮಿ: ಹಕ್ಕುಪತ್ರ ಸರ್ಕಾರದ್ದು, ನೆಲ ಬುಡಕಟ್ಟಿನದು

ಟ್ರಸ್ಟ್ ಎಂದರೆ ನಮಗೆ ಶಾಲೆಯನ್ನೋ ದೇವಸ್ಥಾನವನ್ನೋ ನಡೆಸುವ ನೋಂದಾಯಿತ ಸಂಸ್ಥೆ. ಅಮೆರಿಕದ ಮೂಲನಿವಾಸಿಗಳ ಕಾನೂನಿನಲ್ಲಿ ‘ಟ್ರಸ್ಟ್ ಭೂಮಿ’ ಬೇರೆಯೇ. ಅದರ ಹಕ್ಕುಪತ್ರ ಒಕ್ಕೂಟ ಸರ್ಕಾರದ ಹೆಸರಿನಲ್ಲಿರುತ್ತದೆ, ಅನುಭವಿಸುವ ಹಕ್ಕು ಬುಡಕಟ್ಟಿಗೆ ಸೇರಿರುತ್ತದೆ. ಬುಡಕಟ್ಟಿನ ಹಿತಕ್ಕಾಗಿ ಸರ್ಕಾರ ಅದನ್ನು ಕಾಯ್ದಿಡಬೇಕು. ಬುಡಕಟ್ಟು ತಾನಾಗಿ ಅದನ್ನು ಮಾರುವಂತಿಲ್ಲ. ರಾಜ್ಯ ಸರ್ಕಾರ ಅದರ ಮೇಲೆ ಆಸ್ತಿ ತೆರಿಗೆ ಹಾಕುವಂತಿಲ್ಲ. ಅಲ್ಲಿ ನಡೆಯುವುದು ಬಹುಪಾಲು ಬುಡಕಟ್ಟಿನ ಮತ್ತು ಒಕ್ಕೂಟದ ಕಾನೂನು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ವಾಷಿಂಗ್ಟನ್ ರಾಜ್ಯದ ಲಾ ಪುಶ್ ಎಂಬ ಕಡಲತಡಿಯ ಊರಿಗೆ ಹೋಗಬೇಕು. ಅದು ಕ್ವಿಲ್ಯೂಟ್ ಬುಡಕಟ್ಟಿನ ನೆಲೆ. 1850ರ ದಶಕದ ಒಪ್ಪಂದಗಳಲ್ಲಿ ಅವರ ವಿಶಾಲವಾದ ಕಾಡು, ನದಿಗಳು ಕೈತಪ್ಪಿದವು. 1889ರಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರ ಆದೇಶದಂತೆ ಉಳಿದದ್ದು ಸುಮಾರು ಒಂದು ಚದರ ಮೈಲಿ. ಅದೇ ವರ್ಷ ಊರಿನವರು ಹಾಪ್ಸ್ (ಬಿಯರ್‌ಗೆ ಬಳಸುವ ಹೂವು) ಕೊಯ್ಲಿನ ಕೂಲಿಗೆ ಹೋಗಿದ್ದಾಗ, ಆ ಜಾಗದ ಮೇಲೆ ಕಣ್ಣಿಟ್ಟಿದ್ದ ಬಿಳಿಯ ವಲಸಿಗನೊಬ್ಬ ಅವರ 26 ಮನೆಗಳನ್ನು ಸುಟ್ಟುಹಾಕಿದ. ಮುಂದೆ 1938ರಲ್ಲಿ ಒಲಿಂಪಿಕ್ ರಾಷ್ಟ್ರೀಯ ಉದ್ಯಾನ ಬಂತು, 1953ರಲ್ಲಿ ಕರಾವಳಿಯ ಪಟ್ಟಿಯೂ ಅದಕ್ಕೆ ಸೇರಿತು. ಒಂದು ಕಡೆ ಪೆಸಿಫಿಕ್ ಸಾಗರ, ಉಳಿದ ಕಡೆ ಉದ್ಯಾನ. ಊರು ಬೆಳೆಯಲು ಜಾಗವಿರಲಿಲ್ಲ, ಹಿಂದೆ ಸರಿಯಲೂ ಇರಲಿಲ್ಲ.

ಹಿಂದೆ ಸರಿಯಬೇಕಾದ ಕಾರಣ ಸಮುದ್ರದಡಿಯಲ್ಲಿದೆ. ಆ ಕರಾವಳಿಗೆ ಸಮಾನಾಂತರವಾಗಿ ಕ್ಯಾಸ್ಕೇಡಿಯಾ ಎಂಬ ಭೂಫಲಕಗಳ ಸಂಧಿ ಹಾದುಹೋಗುತ್ತದೆ. 1700ರ ಜನವರಿ 26ರಂದು ಅಲ್ಲಿ ಸುಮಾರು 9ರ ತೀವ್ರತೆಯ ಭೂಕಂಪವಾಗಿ, ಅದರ ಅಲೆಗಳು ಜಪಾನನ್ನೂ ಮುಟ್ಟಿದ್ದವು. ಇಷ್ಟೆಲ್ಲ ಗೊತ್ತಿದ್ದೂ ಲಾ ಪುಶ್‌ನ ಮಕ್ಕಳ ಶಾಲೆ, ಹಿರಿಯರ ಕೇಂದ್ರ, ಬುಡಕಟ್ಟಿನ ಕಚೇರಿ, ಹಲವು ಮನೆಗಳು ಅಲೆ ನುಗ್ಗುವ ತಗ್ಗಿನಲ್ಲೇ ಇದ್ದವು. ಮಳೆಗಾಲದ ನೆರೆ ಬೇರೆ. ಎತ್ತರದ ನೆಲ ಕಣ್ಣೆದುರೇ ಇತ್ತು, ಆದರೆ ಅದು ಉದ್ಯಾನದ ಗಡಿಯೊಳಗಿತ್ತು.

ಇದರ ಜೊತೆಗೆ ಹಳೆಯ ಗಡಿ ತಕರಾರೊಂದೂ ಇತ್ತು. ಕ್ವಿಲ್ಲಯೂಟ್ ನದಿ ತನ್ನ ಪಾತ್ರ ಬದಲಿಸಿದ್ದರಿಂದ ಉತ್ತರದ ಗಡಿ ಎಲ್ಲಿ ಎಂಬುದೇ ವಿವಾದವಾಗಿ, ಬುಡಕಟ್ಟು ಮತ್ತು ಉದ್ಯಾನದ ನಡುವೆ 50 ವರ್ಷಕ್ಕೂ ಹೆಚ್ಚು ಕಾಲ ಎಳೆದಾಡಿತು. ಪ್ರವಾಸಿಗರು ಇಷ್ಟಪಡುವ ಸೆಕೆಂಡ್ ಬೀಚ್‌ಗೆ ಹೋಗುವ ಕಾಲುದಾರಿ ಶುರುವಾಗುವುದು ಬುಡಕಟ್ಟಿನ ನೆಲದಲ್ಲಿ. ಹಾಗಾಗಿ ಇಬ್ಬರಿಗೂ ಇನ್ನೊಬ್ಬರ ಒಪ್ಪಿಗೆ ಬೇಕಿತ್ತು.

ಸಾಮಾನ್ಯವಾಗಿ ಒಂದು ಜಮೀನನ್ನು ಟ್ರಸ್ಟ್‌ಗೆ ತೆಗೆದುಕೊಳ್ಳುವ ಅಧಿಕಾರ ಒಕ್ಕೂಟ ಸರ್ಕಾರದ ಆಂತರಿಕ ಇಲಾಖೆಯ ಕಾರ್ಯದರ್ಶಿಗಿದೆ (ನಮ್ಮ ಲೆಕ್ಕದಲ್ಲಿ ಸಚಿವರು). ಇಲ್ಲಿ ಅದು ಸಾಲಲಿಲ್ಲ. ರಾಷ್ಟ್ರೀಯ ಉದ್ಯಾನದ ಗಡಿಯನ್ನೂ, ಅದರೊಳಗೆ ಇನ್ನೂ ಬಿಗಿಯಾಗಿ ಕಾಪಾಡುವ ವನ್ಯಪ್ರದೇಶದ ಗಡಿಯನ್ನೂ ಗುರುತಿಸಿದ್ದು ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು; ಅಳಿಸಬೇಕಾದದ್ದೂ ಅದೇ. 2011ರ ಮಾರ್ಚ್‌ನಲ್ಲಿ ಜಪಾನಿನ ಸುನಾಮಿಯ ದೃಶ್ಯಗಳನ್ನು ಜಗತ್ತು ನೋಡಿದ ಮೇಲೆ ಈ ಬೇಡಿಕೆಯನ್ನು ತಳ್ಳಿಹಾಕುವುದು ಯಾರಿಗೂ ಸುಲಭವಾಗಿರಲಿಲ್ಲ. 2012ರ ಫೆಬ್ರವರಿ 27ರಂದು ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾಯ್ದೆಯಿಂದ ಸುಮಾರು 785 ಎಕರೆ ಉದ್ಯಾನದಿಂದ ಹೊರಬಂದು, ಬುಡಕಟ್ಟಿನ ಹಿತಕ್ಕಾಗಿ ಟ್ರಸ್ಟ್ ಭೂಮಿಯಾಯಿತು. ದಕ್ಷಿಣದ 275 ಎಕರೆ ಊರು ಎತ್ತರಕ್ಕೆ ಸರಿಯಲು, ಉತ್ತರದ 510 ಎಕರೆ ಗಡಿ ತಕರಾರು ಮುಗಿಸಲು. ಇದರಲ್ಲಿ 222 ಎಕರೆಯನ್ನು ವನ್ಯಪ್ರದೇಶದ ಪಟ್ಟಿಯಿಂದಲೂ ತೆಗೆಯಬೇಕಾಯಿತು.

ಷರತ್ತುಗಳೂ ಇವೆ: ಉತ್ತರದ ಭಾಗದಲ್ಲಿ ಕಟ್ಟಡ ಕಟ್ಟುವಂತಿಲ್ಲ, ಕಡಲತೀರಕ್ಕೆ ಸಾರ್ವಜನಿಕರ ದಾರಿ ತೆರೆದಿರಬೇಕು, ಈ ನೆಲದಲ್ಲಿ ಜೂಜುಕೇಂದ್ರ ಕೂಡದು. ಒಂದು ಕಾಲಕ್ಕೆ ಇಡೀ ಪ್ರದೇಶವೇ ತಮ್ಮದಾಗಿದ್ದ ಜನರಿಗೆ ತುಂಡು ನೆಲ ಮರಳಿಸುವಾಗಲೂ ಇಷ್ಟು ಷರತ್ತು ಹಾಕಿದ್ದು ನನಗೆ ನೋವೆನಿಸುತ್ತದೆ. ಆದರೂ ಆ ಕಾಯ್ದೆಯ ಫಲ ಇವತ್ತು ಕಣ್ಣಿಗೆ ಕಾಣುತ್ತದೆ: 2022ರಲ್ಲಿ ಹೊಸ ಶಾಲೆ ಗುಡ್ಡದ ಮೇಲೆ ಬಾಗಿಲು ತೆರೆಯಿತು.

ಹಾಗಾದರೆ ನೆಲವನ್ನು ಪೂರ್ತಿ ಬುಡಕಟ್ಟಿನ ಹೆಸರಿಗೇ ಏಕೆ ಬರೆದುಕೊಡಲಿಲ್ಲ? ಉತ್ತರ 1887ರ ಡಾಸ್ ಕಾಯ್ದೆಯಲ್ಲಿದೆ. ಆ ಕಾಯ್ದೆ ಸಾಮೂಹಿಕ ನೆಲವನ್ನು ಒಬ್ಬೊಬ್ಬರಿಗೆ ಹಂಚಿ, 25 ವರ್ಷ ಟ್ರಸ್ಟ್‌ನಲ್ಲಿಟ್ಟು, ಆಮೇಲೆ ಮಾರಲು ಬಿಟ್ಟಿತು. ಉಳಿದದ್ದು ‘ಹೆಚ್ಚುವರಿ’ ಎಂದು ವಲಸಿಗರ ಪಾಲಾಯಿತು. ತೆರಿಗೆ ಕಟ್ಟಲಾಗದೆ, ಸಾಲಕ್ಕೆ ಸಿಕ್ಕಿ, ಮೋಸಕ್ಕೆ ಬಲಿಯಾಗಿ ಜನ ನೆಲ ಕಳೆದುಕೊಂಡರು. ಬುಡಕಟ್ಟುಗಳ ಬಳಿಯಿದ್ದ ಸುಮಾರು 13.8 ಕೋಟಿ ಎಕರೆ 1934ರ ಹೊತ್ತಿಗೆ 4.8 ಕೋಟಿಗೆ ಇಳಿದಿತ್ತು. ಆ ವರ್ಷದ ಹೊಸ ಕಾಯ್ದೆ ಹಂಚಿಕೆಯನ್ನು ನಿಲ್ಲಿಸಿ, ಟ್ರಸ್ಟ್‌ನ ಅವಧಿಯನ್ನು ಮಿತಿಯಿಲ್ಲದೆ ಮುಂದುವರಿಸಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈಬದಲಾಗದಂತೆ ತಡೆಯುವ ಕರ್ನಾಟಕದ 1978ರ ಪಿಟಿಸಿಎಲ್ ಕಾಯ್ದೆ ಬಲ್ಲವರಿಗೆ ಈ ಪರಭಾರೆ ತಡೆಯ ಉದ್ದೇಶ ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮಲ್ಲಿ ಖಾತೆ ಮಂಜೂರಿದಾರನ ಹೆಸರಿನಲ್ಲೇ ಇರುತ್ತದೆ.

ಕಾಯುವವನೇ ಎಡವಿದರೆ? ಅದೂ ಆಗಿದೆ. ಟ್ರಸ್ಟ್ ಭೂಮಿಯ ಗುತ್ತಿಗೆ, ತೈಲ, ಮರದಿಂದ ಬಂದ ಹಣದ ಲೆಕ್ಕವನ್ನು ಸರ್ಕಾರ ಸರಿಯಾಗಿ ಇಟ್ಟಿಲ್ಲ ಎಂದು ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಎಲೊಯಿಸ್ ಕೊಬೆಲ್ 1996ರಲ್ಲಿ ಮೊಕದ್ದಮೆ ಹೂಡಿದರು. 2009ರಲ್ಲಿ ಅದು 340 ಕೋಟಿ ಡಾಲರ್‌ಗೆ ರಾಜಿಯಾಯಿತು.

ದಿನನಿತ್ಯದ ತೊಡಕು ಇನ್ನೊಂದು. ನೆಲವನ್ನು ಅಡವಿಡಲು ಬರುವುದಿಲ್ಲವಾದ್ದರಿಂದ ಮನೆ ಕಟ್ಟುವವರು ಬುಡಕಟ್ಟಿನಿಂದ ನಿವೇಶನವನ್ನು ಗುತ್ತಿಗೆಗೆ ಪಡೆದು, ಆ ಗುತ್ತಿಗೆಯ ಆಧಾರದ ಮೇಲೆ ಸಾಲ ಕೇಳಬೇಕು. ಪ್ರತಿ ಗುತ್ತಿಗೆಗೂ ಒಕ್ಕೂಟ ಸರ್ಕಾರದ ಒಪ್ಪಿಗೆ ಬೇಕಿತ್ತು. 2012ರ ಜುಲೈನಲ್ಲಿ ಬಂದ ಹಾರ್ತ್ ಕಾಯ್ದೆ ಈ ಗಂಟನ್ನು ಸ್ವಲ್ಪ ಸಡಿಲಿಸಿದೆ. ಬುಡಕಟ್ಟು ತನ್ನದೇ ಗುತ್ತಿಗೆ ನಿಯಮ ರೂಪಿಸಿ ಒಮ್ಮೆ ಕಾರ್ಯದರ್ಶಿಯ ಒಪ್ಪಿಗೆ ಪಡೆದರೆ, ಆಮೇಲಿನ ಒಂದೊಂದು ನಿವೇಶನಕ್ಕೂ ವಾಷಿಂಗ್ಟನ್ ಡಿಸಿಯತ್ತ ನೋಡಬೇಕಿಲ್ಲ.